ಡಿಸ್ಕ್ ಬಾಗಿಲ್ಲ, ಹಬ್ ನೋಡಿ

ಶಿವಮೊಗ್ಗದಿಂದ ಬರುವಾಗ ಮಾಸ್ತಿಕಟ್ಟೆ ದಾಟಿ ಬಾಳೆಬರೆ ಘಾಟಿ ಇಳಿದು, ಹೊಸಂಗಡಿ, ಸಿದ್ಧಾಪುರದ ಮೇಲೆ ತಲ್ಲೂರಿಗೆ ಸೇರುವ ದಾರಿ ನನ್ನ ಅಚ್ಚುಮೆಚ್ಚಿನದು. ಎರಡು ವರ್ಷದ ಹಿಂದೆ ಹಾಗೆ ಬಂದ ಮಾರನೇ ದಿನ ಹೆದ್ದಾರಿಯಲ್ಲಿ ಹೆಮ್ಮಾಡಿ ಕಡೆ ಹೊರಟಿದ್ದೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಬ್ರೇಕ್ ಒತ್ತಿದರೆ ಸ್ಟೇರಿಂಗ್ ಎರಡೂ ಕೈಯೊಳಗೆ ಗಡಗಡ ನಡುಗಿತು. ಕಾಲು ತೆಗೆದರೆ ನಡುಕವಿಲ್ಲ. ಮತ್ತೆ ಒತ್ತಿದರೆ ಮತ್ತೆ ಅದೇ.

ತೋರಿಸಿದಲ್ಲೆಲ್ಲ ಒಂದೇ ಉತ್ತರ: ಡಿಸ್ಕ್ ಬೆಂಡ್ ಆಗಿದೆ, ಬದಲಾಯಿಸಿ. ಒಂದು ಗ್ಯಾರೇಜಿನಲ್ಲಿ ಮುಂದಿನ ಎರಡೂ ಡಿಸ್ಕ್, ಪ್ಯಾಡ್ ಹೊಸದು ಹಾಕಿಸಿದೆ. ಕಾರು ಬೆಣ್ಣೆಯಂತೆ ನಿಲ್ಲತೊಡಗಿತು. ನಾಲ್ಕು ಸಾವಿರ ಕಿಲೋಮೀಟರ್ ಆಗುವಷ್ಟರಲ್ಲಿ ನಡುಕ ಮರಳಿ ಬಂತು. ಈ ವಾರದ ಬರಹ ಆ ಮರಳಿ ಬಂದ ನಡುಕದ ಬಗ್ಗೆ. ಏಕೆಂದರೆ ಹೊಸ ಡಿಸ್ಕಿಗೆ ದುಡ್ಡು ಕೊಟ್ಟು ಮತ್ತೆ ಅಲ್ಲಿಗೇ ಬಂದು ನಿಂತವರು ನಮ್ಮ ಕರಾವಳಿಯಲ್ಲಿ ನಾನೊಬ್ಬನೇ ಅಲ್ಲ.

ಎರಡನೇ ಸಲ ನಮ್ಮೂರಿನ ಹಿರಿಯ ಮೇಸ್ತ್ರಿಯೊಬ್ಬರ ಬಳಿ ಹೋದೆ. ಅವರು ಡಿಸ್ಕನ್ನು ನೋಡಲೂ ಇಲ್ಲ. "ಡಿಸ್ಕ್ ಬೆಂಡ್ ಆದ್ದಲ್ಲ ಮಾರಾಯ್ರೆ. ಮೊದ್ಲ್ ಹಬ್ ಕಾಂಬ" ಅಂದರು. ಚಕ್ರ ಬಿಚ್ಚಿ, ಕ್ಯಾಲಿಪರ್ ಕಳಚಿ ತಂತಿಯಲ್ಲಿ ಕಟ್ಟಿ ತೂಗುಹಾಕಿ, ಡಿಸ್ಕ್ ಎಳೆದು ತೆಗೆದರು. ಡಿಸ್ಕ್ ಕೂರುವ ಹಬ್ಬಿನ ಮುಖದ ಮೇಲೆ ಕಾವಿ ಬಣ್ಣದ ತುಕ್ಕು ಚಕ್ಕೆ ಕಟ್ಟಿತ್ತು. ಸ್ಕ್ರೂ ಡ್ರೈವರಿನ ತುದಿಯಿಂದ ಕೆರೆದಾಗ ಸುಟ್ಟ ಹಪ್ಪಳದ ಚೂರಿನಂತೆ ಎದ್ದು ಬಂತು. ಹೊಸ ಡಿಸ್ಕ್ ಹಾಕಿದವರು ಅದರ ಮೇಲೆಯೇ ಕೂರಿಸಿ ನಟ್ ಬಿಗಿದಿದ್ದರು.

ಇಷ್ಟು ತೆಳು ಚಕ್ಕೆಯಿಂದ ಏನಾದೀತು ಎಂದು ನನಗೂ ಅನ್ನಿಸಿತ್ತು. ಲೆಕ್ಕ ಹಾಕಿ ನೋಡೋಣ. ಹಬ್ಬಿನ ಮುಖದ ಅಗಲ ಸುಮಾರು 13 ಸೆಂಟಿಮೀಟರ್, ಡಿಸ್ಕಿನದು 24. ಹಬ್ಬಿನ ಒಂದು ಅಂಚಿನಲ್ಲಿ 0.05 ಮಿಲಿಮೀಟರ್ ತುಕ್ಕು ಇದ್ದರೆ ಡಿಸ್ಕ್ ಅಷ್ಟು ಓರೆಯಾಗಿ ಕೂರುತ್ತದೆ. ಹೊರ ಅಂಚಿಗೆ ಬರುವಾಗ ಆ ಓರೆ 0.09 ಆಗಿರುತ್ತದೆ. ಬಹಳಷ್ಟು ಕಾರುಗಳಿಗೆ 0.05ರಿಂದ 0.10ರೊಳಗೇ ಓಲಾಟದ ಮಿತಿ ಹೇಳಿರುತ್ತಾರೆ.

ಡಿಸ್ಕ್ ಓರೆಯಾಗಿ ಕೂತ ದಿನವೇ ಸ್ಟೇರಿಂಗ್ ನಡುಗುವುದಿಲ್ಲ. ಕ್ಯಾಲಿಪರ್ ತನ್ನ ಪಿನ್ನುಗಳ ಮೇಲೆ ಜಾರಿ ಅಷ್ಟಿಷ್ಟು ಓಲಾಟವನ್ನು ಸಹಿಸಿಕೊಳ್ಳುತ್ತದೆ. ತೊಂದರೆ ಆಗುವುದು ಬ್ರೇಕ್ ಹಿಡಿಯದೆ ಓಡುವಾಗ. ಪ್ರತಿ ಸುತ್ತಿಗೂ ಡಿಸ್ಕಿನ ಅದೇ ಜಾಗ ಪ್ಯಾಡಿಗೆ ಮೆಲ್ಲಗೆ ತಾಗಿ ಹೋಗುತ್ತದೆ. ಕಿಲೋಮೀಟರಿಗೆ ಐನೂರಕ್ಕೂ ಹೆಚ್ಚು ಸಲ. ಗಡಸು ಪ್ಯಾಡಾದರೆ ಆ ಜಾಗ ಸವೆದು ತೆಳುವಾಗುತ್ತದೆ. ಮೆದು ಪ್ಯಾಡಾದರೆ ಅದರ ಮಸಾಲೆ ಅಲ್ಲಿ ಮೆತ್ತಿಕೊಂಡು ದಪ್ಪವಾಗುತ್ತದೆ. ಒಂದೇ ಡಿಸ್ಕಿನಲ್ಲಿ ದಪ್ಪ ತೆಳು ಎರಡೂ ಹುಟ್ಟಿಕೊಂಡವೆಂದರೆ, ಬ್ರೇಕ್ ಒತ್ತಿದಾಗ ಹಿಡಿತ ಒಮ್ಮೆ ಬಿಗಿ, ಒಮ್ಮೆ ಸಡಿಲ. ಈ ವ್ಯತ್ಯಾಸ 0.015 ಮಿಲಿಮೀಟರ್ ಇದ್ದರೂ ಕೈಗೆ ಗೊತ್ತಾಗುತ್ತದೆ. ನಮ್ಮ ತಲೆಗೂದಲು ಅದರ ನಾಲ್ಕೈದು ಪಟ್ಟು ದಪ್ಪ. 80ರ ವೇಗದಲ್ಲಿ ಸಣ್ಣ ಕಾರಿನ ಚಕ್ರ ಸೆಕೆಂಡಿಗೆ ಹನ್ನೆರಡು ಸುತ್ತು ತಿರುಗುತ್ತದೆ. ಹನ್ನೆರಡು ಬಿಗಿ, ಹನ್ನೆರಡು ಸಡಿಲ. ಹೊಸ ಡಿಸ್ಕ್ ಹಾಕಿದಾಗ ಸುಖವೆನಿಸಿ ನಾಲ್ಕು ಸಾವಿರ ಕಿಲೋಮೀಟರಿಗೆ ನಡುಕ ಮರಳುವುದರ ಗುಟ್ಟು ಇಷ್ಟೇ. ಓರೆ ಮೊದಲ ದಿನದಿಂದಲೂ ಇತ್ತು, ಸವೆತಕ್ಕೆ ಸಮಯ ಬೇಕಾಗಿತ್ತು.

ಬಿಸಿಗೆ ಡಿಸ್ಕ್ ಹಪ್ಪಳದಂತೆ ಸೊಟ್ಟಗಾಗುತ್ತದೆ ಎಂಬ ನಂಬಿಕೆ ನಮ್ಮೂರಿನದು ಮಾತ್ರವಲ್ಲ. ಅಮೆರಿಕದ ರೇಸಿಂಗ್ ಎಂಜಿನಿಯರ್ ಕ್ಯಾರೊಲ್ ಸ್ಮಿತ್ ಇದನ್ನು ಅಲ್ಲಗಳೆದು ವಿವರವಾಗಿ ಬರೆದಿದ್ದಾರೆ. ಬಾಗಿದೆ ಎಂದು ತಮ್ಮ ಬಳಿಗೆ ಬಂದ ಡಿಸ್ಕುಗಳಲ್ಲಿ ಅವರು ಕಂಡದ್ದು ಪ್ಯಾಡಿನ ಮಸಾಲೆ ಸಮನಾಗಿ ಹರಡದೆ ಅಲ್ಲಲ್ಲಿ ಅಂಟಿಕೊಂಡದ್ದನ್ನು. ಘಾಟಿ ಇಳಿಯುವ ನಮಗೆ ಇದು ಮುಖ್ಯ. ಬಾಳೆಬರೆಯ ತಿರುವುಗಳಲ್ಲಿ ಉದ್ದಕ್ಕೂ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದು, ಕೆಳಗೆ ಹೊಸಂಗಡಿಯಲ್ಲಿ ಚಹಾಕ್ಕೆಂದು ನಿಲ್ಲಿಸಿ, ಪೆಡಲ್ ಒತ್ತಿ ಹಿಡಿದೇ ಕೂತರೆ ಕಾದ ಪ್ಯಾಡು ಕಾದ ಡಿಸ್ಕಿಗೆ ಅಚ್ಚೊತ್ತುತ್ತದೆ. ಎರಡನೇ ಗೇರಿನಲ್ಲಿ ಇಳಿಯಿರಿ. ಬ್ರೇಕ್ ಬೇಕಾದಲ್ಲಿ ಗಟ್ಟಿಯಾಗಿ ಹಿಡಿದು ಪೂರ್ತಿ ಬಿಟ್ಟುಬಿಡಿ. ಘಾಟಿ ಮುಗಿದ ಮೇಲೆ ನಾಲ್ಕೈದು ಕಿಲೋಮೀಟರ್ ಸುಮ್ಮನೆ ಓಡಿಸಿ, ಗಾಳಿಗೆ ಡಿಸ್ಕ್ ಆರಲಿ, ಚಹಾ ಆಮೇಲೆ.

ತುಕ್ಕಿನ ಮಾತು ನಮ್ಮ ನೆಲಕ್ಕೆ ಇನ್ನೂ ಹೆಚ್ಚು ಸಲ್ಲುತ್ತದೆ. ಮರವಂತೆಯಲ್ಲಿ ಹೆದ್ದಾರಿಯ ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಸೌಪರ್ಣಿಕೆ. ಗಂಗೊಳ್ಳಿ ಬಂದರಿನಿಂದ ಮೀನು ಹೊತ್ತ ಲಾರಿಗಳು ಉಪ್ಪುನೀರು ಸುರಿಸುತ್ತ ಹೋಗುತ್ತವೆ, ಹಿಂದೆ ಹೋಗುವ ನಮ್ಮ ಚಕ್ರಗಳ ಒಳಗೆಲ್ಲ ಅದು ಸಿಡಿಯುತ್ತದೆ. ಜೂನಿನಿಂದ ಸೆಪ್ಟೆಂಬರ್ ತನಕ ಒಣಗುವ ಮಾತಿಲ್ಲ. ಬೆಂಗಳೂರು, ಮುಂಬಯಿಯಲ್ಲಿ ಹೋಟೆಲು ನಡೆಸುವವರು ಊರಮನೆಯಲ್ಲಿ ಬಿಟ್ಟುಹೋದ ಕಾರುಗಳ ಗತಿ ನೋಡಿದರೆ ಹೊಟ್ಟೆ ಚುರುಕ್ ಅನ್ನುತ್ತದೆ. ಮಳೆಗಾಲವಿಡೀ ಅಲುಗದೆ ನಿಂತ ಕಾರಿನ ಡಿಸ್ಕಿನ ಮೇಲೆ ಪ್ಯಾಡಿನ ಆಕಾರ ಪಡಿಯಚ್ಚಿನಂತೆ ಮೂಡಿರುತ್ತದೆ. ಮನೆಯಲ್ಲಿ ಇರುವವರು ವಾರಕ್ಕೊಮ್ಮೆ ಐದಾರು ಕಿಲೋಮೀಟರ್ ಓಡಿಸಿ, ನಾಲ್ಕಾರು ಸಲ ಬ್ರೇಕ್ ಹಿಡಿದು ಒಣಗಿಸಿ ನಿಲ್ಲಿಸಿದರೆ ಸಾಕು. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಹ್ಯಾಂಡ್ ಬ್ರೇಕ್ ಬೇಡ. ಸಮತಟ್ಟು ಜಾಗದಲ್ಲಿ ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ.

ನಡುಕ ಎಲ್ಲಿಂದ ಎಂದು ತಿಳಿಯಲು ಮೊದಲು ಬೇಕಾದ್ದು ನಿಮ್ಮ ಮೈ. ಸ್ಟೇರಿಂಗ್ ನಡುಗಿದರೆ ಹೆಚ್ಚಾಗಿ ಮುಂದಿನ ಚಕ್ರ. ಸೀಟಿನಡಿ ನಡುಗಿದರೆ ಹಿಂದಿನ ಡ್ರಮ್ಮಿನ ಮೇಲೆ ಸಂಶಯ. ಖಾಲಿಯಾದ, ಒಣಗಿದ, ನೇರ ರಸ್ತೆಯಲ್ಲಿ 50ರ ವೇಗದಲ್ಲಿ ಹ್ಯಾಂಡ್ ಬ್ರೇಕಿನ ಗುಂಡಿ ಒತ್ತಿಯೇ ಹಿಡಿದು ಮೆಲ್ಲನೆ ಎಳೆದರೆ ಹಿಂದಿನ ಬ್ರೇಕಿನ ನಿಜ ಗೊತ್ತಾಗುತ್ತದೆ. ಬ್ರೇಕ್ ಹಿಡಿಯದೆಯೂ ನಡುಗುವ ಕಾರಿಗೆ ಬೇಕಾದ್ದು ವೀಲ್ ಬ್ಯಾಲೆನ್ಸಿಂಗ್, ಈ ಚಿಕಿತ್ಸೆಯಲ್ಲ. ಲೋವರ್ ಆರ್ಮಿನ ಬುಷ್, ಟೈ ರಾಡ್ ಎಂಡ್ ಸವೆದಿದ್ದರೆ ಇರುವ ಸಣ್ಣ ನಡುಕವೇ ದೊಡ್ಡದಾಗಿ ಕೈಗೆ ಬರುತ್ತದೆ, ಅವನ್ನೂ ಅಲುಗಾಡಿಸಿ ನೋಡಬೇಕು.

ಆಮೇಲೆ ಅಳತೆ. ನಮ್ಮ ಮೇಸ್ತ್ರಿ ಡಿಸ್ಕನ್ನು ವಾಷರ್ ಇಟ್ಟು ನಟ್ಟಿನಿಂದ ಬಿಗಿದು, ಡಯಲ್ ಗೇಜಿನ ಮುಳ್ಳನ್ನು ಹೊರ ಅಂಚಿನಿಂದ ಒಂದು ಸೆಂಟಿಮೀಟರ್ ಒಳಗೆ ತಾಗಿಸಿ ಕೈಯಿಂದ ತಿರುಗಿಸಿದರು. ತುಕ್ಕು ಕೆರೆಯುವ ಮೊದಲು 0.11. ಅತಿ ಎತ್ತರದ ಜಾಗಕ್ಕೆ ಚಾಕ್‌ಪೀಸಿನಲ್ಲಿ ಗುರುತು ಹಾಕಿ, ಡಿಸ್ಕನ್ನು ಒಂದು ತೂತು ಆಚೆ ತಿರುಗಿಸಿ ಕೂರಿಸಿ ಮತ್ತೆ ಅಳೆದರು. ಎತ್ತರ ಡಿಸ್ಕಿನ ಜೊತೆ ಹೋಗಲಿಲ್ಲ, ಹಬ್ಬಿನ ಅದೇ ಬೋಲ್ಟಿನ ಬಳಿ ಉಳಿಯಿತು. ಅಲ್ಲಿಗೆ ಕಳ್ಳ ಸಿಕ್ಕಿದ. ತಂತಿ ಬ್ರಶ್ಶು, ಮೇಲೆ ಎಮೆರಿ ಪೇಪರ್, ಇಪ್ಪತ್ತು ನಿಮಿಷದ ಕೆಲಸ. ಹಬ್ ಬೆಳ್ಳಿಯಂತೆ ಆಯಿತು. ಗೇಜಿನಲ್ಲಿ 0.03.

ಮೈಕ್ರೋಮೀಟರಿನಿಂದ ಎಂಟು ಕಡೆ ದಪ್ಪ ಅಳೆದಾಗ 16.93ರಿಂದ 16.96. ಈ 0.03ರ ವ್ಯತ್ಯಾಸ ಹಬ್ ತೊಳೆದ ಮಾತ್ರಕ್ಕೆ ಹೋಗದು. "ಹಾಂಗಂತ ಬಿಸಾಡುದ್ ಬ್ಯಾಡ, ಲೇತಿಗೆ ಹಾಕುವ" ಅಂದರು. ಡಿಸ್ಕಿನ ಮೇಲೆಯೇ ಕನಿಷ್ಠ ದಪ್ಪ ಅಚ್ಚಾಗಿರುತ್ತದೆ, ನನ್ನದಕ್ಕೆ 15 ಮಿಲಿಮೀಟರ್. ಎರಡೂ ಮುಖ ತೆಳುವಾಗಿ ಕೆತ್ತಿಸಿದ ಮೇಲೂ ಧಾರಾಳ ಉಳಿಯಿತು. ಆದರೆ ಬಿಸಿಗೆ ನೀಲಿ ಕಲೆ ಕಟ್ಟಿದ ಡಿಸ್ಕಾದರೆ ಲೇತಿನ ಆಸೆ ಬಿಡುವುದೇ ಮೇಲು. ಎರಕದ ಕಬ್ಬಿಣ ಅಲ್ಲಿ ಗಡುಸಾಗಿರುತ್ತದೆ, ಕೆತ್ತಿದರೂ ಆ ಕಲೆ ಕೆಲ ದಿನಕ್ಕೆ ಮತ್ತೆ ಉಬ್ಬಿ ನಿಲ್ಲುತ್ತದೆ.

ಸ್ಲೈಡ್ ಪಿನ್ನುಗಳನ್ನು ಒರೆಸಿ ಬ್ರೇಕಿಗೆಂದೇ ಬರುವ ಗ್ರೀಸ್ ಹಚ್ಚಬೇಕು. ಸಾಮಾನ್ಯ ಗ್ರೀಸಿಗೆ ಒಳಗಿನ ರಬ್ಬರ್ ಊದಿಕೊಂಡು ಪಿನ್ ಸಿಕ್ಕಿಹಾಕಿಕೊಳ್ಳುತ್ತದೆ.

ವೀಲ್ ನಟ್ ಬಗ್ಗೆ ನನಗೆ ಬಲವಾದ ಅಭಿಪ್ರಾಯವಿದೆ. ಪಂಕ್ಚರ್ ಅಂಗಡಿಯಲ್ಲಿ ಗಾಳಿ ಗನ್ನಿನಿಂದ ಟರ್ರೆಂದು ಬಿಗಿಯುವುದನ್ನು ನಿಂತು ತಡೆಯಿರಿ. ಸಣ್ಣ ಕಾರಿಗೆ ಬೇಕಾದ್ದು ಹೆಚ್ಚಾಗಿ 85ರಿಂದ 110 ನ್ಯೂಟನ್ ಮೀಟರ್. ಗನ್ನು ಒಂದು ನಟ್ಟಿಗೆ ಅದರ ಇಮ್ಮಡಿ, ಪಕ್ಕದ್ದಕ್ಕೆ ಅರ್ಧ ಕೊಟ್ಟರೆ ಸ್ವಚ್ಛ ಹಬ್ಬಿನ ಮೇಲೂ ಡಿಸ್ಕ್ ಓರೆಯಾಗುತ್ತದೆ. ಎದುರುಬದುರು ನಟ್‌ಗಳನ್ನು ಕೈಯಿಂದ ಸುತ್ತಿ, ಕೊನೆಗೆ ಟಾರ್ಕ್ ರೆಂಚ್. ನಾನು ಅದೊಂದನ್ನು ಕೊಂಡು ಡಿಕ್ಕಿಯಲ್ಲೇ ಇಟ್ಟುಕೊಂಡಿದ್ದೇನೆ.

ಹೊಸ ಪ್ಯಾಡ್ ಹಾಕಿದ ಮಾರನೇ ದಿನ, ಬೆಳಕು ಹರಿಯುವ ಹೊತ್ತಿಗೆ ತಲ್ಲೂರಿನಿಂದ ನೇರಳಕಟ್ಟೆ ಕಡೆ ಹೋದೆ. 60ರಿಂದ 20ಕ್ಕೆ ಇಳಿಸಿ, ಪೂರ್ತಿ ನಿಲ್ಲಿಸದೆ, ನಡುನಡುವೆ ಆರಲು ಬಿಟ್ಟು ಹತ್ತು ಸಲ. ಮಸಾಲೆ ಡಿಸ್ಕಿನ ಸುತ್ತ ಸಮನಾಗಿ ಹರಡಲು ಇದೇ ದಾರಿ.

ಆ ಮೇಲೆ ಒಂಬತ್ತು ಸಾವಿರ ಕಿಲೋಮೀಟರ್ ಓಡಿದೆ, ನಡುವೆ ಒಂದು ಪೂರ್ತಿ ಮಳೆಗಾಲ ಕಳೆದಿದೆ. ಹೋದ ಭಾನುವಾರ ಎರಡೂ ಚಕ್ರ ಬಿಚ್ಚಿ ಮತ್ತೆ ಅಳೆದೆವು. ಎಡಗಡೆ ಓಲಾಟ 0.03, ಬಲಗಡೆ 0.04. ದಪ್ಪದ ವ್ಯತ್ಯಾಸ ಎರಡರಲ್ಲೂ 0.01ಕ್ಕಿಂತ ಕಡಿಮೆ. ಬಲಗಡೆಯ ಕೆಳಗಿನ ಪಿನ್ನಿನ ರಬ್ಬರ್ ಬಿರುಕು ಬಿಟ್ಟಿದೆ, ನೀರು ಒಳಗೆ ಹೋಗುವ ಮೊದಲು ಈ ವಾರವೇ ಹೊಸದು ಹಾಕಿಸಬೇಕು.