ಕರಿ ಕೋಟಿನ ಖರ್ಚು

ಕಳೆದ ತಿಂಗಳು ಗೆಳೆಯನೊಬ್ಬ ಕಾಫಿ ಕುಡೀತಾ, "ಸಾಫ್ಟ್‌ವೇರ್ ಸಾಕಾಯ್ತು ಮಾರಾಯ, ಮೂರು ವರ್ಷದ ಎಲ್‌ಎಲ್‌ಬಿ ಮಾಡಿ ಪ್ರಾಕ್ಟೀಸ್ ಶುರು ಮಾಡ್ತೀನಿ" ಅಂದ. ಏನಾಯ್ತೋ ಅಂತ ಕೇಳಿದರೆ, 'ಜೈ ಭೀಮ್' ನೋಡಿದನಂತೆ. ಹಾಗಾದರೆ ಚೈತನ್ಯ ತಮ್ಹಾನೆಯ 'ಕೋರ್ಟ್' ಕೂಡ ನೋಡಿಬಿಡು ಅಂದೆ.

2014ರ ಈ ಮರಾಠಿ ಸಿನಿಮಾಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಕಥೆ ಚಿಕ್ಕದು. ಮುಂಬೈಯಲ್ಲಿ ಮ್ಯಾನ್‌ಹೋಲ್ ಕಾರ್ಮಿಕನೊಬ್ಬ ಸಾಯ್ತಾನೆ. ನಾರಾಯಣ ಕಾಂಬ್ಳೆ ಅನ್ನೋ ವಯಸ್ಸಾದ ಹಾಡುಗಾರನ ಹಾಡು ಕೇಳಿಯೇ ಆತ್ಮಹತ್ಯೆ ಮಾಡಿಕೊಂಡ ಅಂತ ಕೇಸು. 'ದಾಮಿನಿ'ಯ ಸನ್ನಿ ಡಿಯೋಲ್ ವಾಯಿದೆಗಳ ಮೇಲೆ ಗುಡುಗಿದ್ದು ನೆನಪಿದೆಯಲ್ಲ? ಇಲ್ಲಿ ಗುಡುಗೇ ಇಲ್ಲ, ಬರೀ ವಾಯಿದೆ. ಸರ್ಕಾರಿ ವಕೀಲೆ ನೂತನ್ ಕಾನೂನಿನ ಕಲಮುಗಳನ್ನು ಏರಿಳಿತವಿಲ್ಲದೆ ಓದ್ತಾಳೆ. ಕ್ಯಾಮೆರಾ ದೂರದಲ್ಲಿ ಅಲುಗಾಡದೆ ನಿಂತಿರುತ್ತೆ, ಕೋರ್ಟ್ ಹಾಲ್‌ನ ಹಿಂದಿನ ಬೆಂಚಲ್ಲಿ ಸರದಿಗೆ ಕಾಯುವ ಕಕ್ಷಿದಾರನ ಹಾಗೆ.

ಆದರೆ ಸಿನಿಮಾದ ನಿಜವಾದ ಧೈರ್ಯ ಇರೋದು ವಕೀಲರ ಹಿಂದೆ ಅವರ ಮನೆತನಕ ಹೋಗುವುದರಲ್ಲಿ. ಕಾಂಬ್ಳೆಯ ಪರ ವಾದಿಸುವ ವಿನಯ್ ವೋರಾ ಕಾರಿನಲ್ಲಿ ಓಡಾಡ್ತಾನೆ, ಸೂಪರ್ ಮಾರ್ಕೆಟ್ಟಲ್ಲಿ ಚೀಸು, ವೈನು ಕೊಳ್ತಾನೆ. ಉಳ್ಳವರ ಮನೆ ಹುಡುಗ. ನೂತನ್ ಲೋಕಲ್ ರೈಲು ಹತ್ತಿ, ಮಗನನ್ನು ಕರ್ಕೊಂಡು, ಮನೆಗೆ ಹೋಗಿ ಅಡುಗೆ ಮಾಡ್ತಾಳೆ. ಇದನ್ನು ಅಣಕ ಅಂತ ಓದೋದು ಸುಲಭ. ನನಗೆ ಕಂಡಿದ್ದು ಲೆಕ್ಕದ ಪುಸ್ತಕ. ವೋರಾನ ಆದರ್ಶ ಸುಳ್ಳಲ್ಲ, ಆದರೆ ಅದಕ್ಕೆ ಮನೆಯ ಆಸರೆ ಇದೆ. ನೂತನ್ ಕೆಟ್ಟವಳಲ್ಲ, ಅವಳಿಗೆ ಅದು ತಿಂಗಳ ಸಂಬಳದ ಕೆಲಸ.

ನನ್ನ ತಕರಾರು ಇರೋದು ಇಲ್ಲೇ. ಮೂರನೆಯ ವಕೀಲನೊಬ್ಬ ಇರ್ತಾನೆ, ಸಿನಿಮಾ ಅವನ ಮನೆಗೆ ಹೋಗಲಿಲ್ಲ. ಅಪ್ಪನ ಮನೆಯಿಲ್ಲ, ಸರ್ಕಾರಿ ಹುದ್ದೆಯಿಲ್ಲ, ಸೀನಿಯರ್ ಹಿಂದೆ ಫೈಲು ಹಿಡ್ಕೊಂಡು ಓಡುವ ಜೂನಿಯರ್. ಬಾರ್ ಕೌನ್ಸಿಲ್ ಆಫ್ ಇಂಡಿಯಾ 2024ರ ಅಕ್ಟೋಬರಿನಲ್ಲಿ ಇಂಥವರಿಗೆ ತಿಂಗಳಿಗೆ ನಗರದಲ್ಲಿ ಕನಿಷ್ಠ 20,000, ಹಳ್ಳಿಗಾಡಿನಲ್ಲಿ 15,000 ರೂಪಾಯಿ ಕೊಡಿ ಅಂತ ಹೇಳಿತು. ಹೇಳಿತು ಅಷ್ಟೇ, ಅದು ಶಿಫಾರಸು, ಕಡ್ಡಾಯವಲ್ಲ. ಆ 20,000 ಕೈಗೆ ಬಂದರೂ ಬೆಂಗಳೂರಿನಲ್ಲಿ ಪಿಜಿ ಬಾಡಿಗೆ, ಊಟ, ಓಡಾಟಕ್ಕೆ ಹೇಗೋ ಸರಿಹೋಗಬಹುದು. ಊರಿಗೆ ದುಡ್ಡು ಕಳಿಸಬೇಕಾದವನು ಎರಡನೇ ವರ್ಷಕ್ಕೇ ಕಂಪನಿ ಕೆಲಸ ಹುಡುಕ್ತಾನೆ. ಉಳಿದುಕೊಂಡವರೇ ನಾಳೆ ಸೀನಿಯರ್, ಆಮೇಲೆ ಕೆಲವರು ಜಡ್ಜು. ಬಿಟ್ಟು ಹೋದವರಲ್ಲಿ ಕಾಂಬ್ಳೆಯ ಓಣಿಯಿಂದಲೇ ಬಂದವರು ಎಷ್ಟು ಜನರೋ.

ಸತ್ತವನ ಹೆಂಡತಿ ಸಾಕ್ಷಿ ಹೇಳುವ ದೃಶ್ಯ ನೋಡಿ. ಗುಂಡಿಗೆ ಕಲ್ಲೆಸೆದು, ಜಿರಲೆ ಹೊರಬಂದರೆ ಒಳಗೆ ಗಾಳಿ ಇದೆ ಅಂತ ಗಂಡ ಇಳೀತಿದ್ದನಂತೆ. ಆ ವಿಷಯ ಯಾವ ಕಾನೂನು ಪುಸ್ತಕದಲ್ಲೂ ಇಲ್ಲ. ಅದನ್ನು ಯಾರೂ ಹೇಳದೆಯೇ ತಿಳಿದಿರುವ ವಕೀಲ ನಮಗೆ ಬೇಕಲ್ವಾ?

ಗೆಳೆಯ ಸಿನಿಮಾ ನೋಡಿ ಫೋನ್ ಮಾಡಿದ. ನ್ಯಾಯದ ಬಗ್ಗೆ ಮಾತಾಡ್ತಾನೆ ಅಂದುಕೊಂಡಿದ್ದೆ. "ಮೊದಲ ಐದು ವರ್ಷಕ್ಕೆ ಎಷ್ಟು ದುಡ್ಡು ಕೂಡಿಟ್ಟಿರಬೇಕೋ?" ಅಂದ. ಸಿನಿಮಾ ಸರಿಯಾಗೇ ನೋಡಿದ್ದಾನೆ ಅನ್ನಿಸ್ತು.