ಮನೆಯ ತೆರೆ, ಮಂದಿರದ ತೆರೆ

ಅಬ್ಬರದ ಚಿತ್ರಕ್ಕೆ ಚಿತ್ರಮಂದಿರವೇ ಬೇಕು, ಮೌನದ ಚಿತ್ರಕ್ಕೆ ಮನೆಯೇ ಸಾಕು ಎಂಬ ಅಭಿಪ್ರಾಯವು ಈಚೆಗೆ ವಿದ್ಯಾವಂತರಲ್ಲಿ ರೂಢಮೂಲವಾಗುತ್ತಿದೆ. 2022ರಲ್ಲಿ ‘ಕೆ.ಜಿ.ಎಫ್. 2’, ‘ಕಾಂತಾರ’ಗಳಿಗೆ ಹೊರನಾಡಿನಲ್ಲಿಯೂ ಜನ ಕಿಕ್ಕಿರಿದುದು ಇದಕ್ಕೆ ಪುಷ್ಟಿಯನ್ನು ಕೊಟ್ಟಿತು. ವಿಚಾರಿಸಿ ನೋಡಿದರೆ ಸತ್ಯವು ಇದಕ್ಕೆ ವಿರುದ್ಧವಾಗಿದೆಯೆಂದು ನನಗೆ ತೋರುತ್ತದೆ.

ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ವನ್ನೇ (1977) ತೆಗೆದುಕೊಳ್ಳೋಣ. ಅನಂತಮೂರ್ತಿಯವರ ಕಥೆಯನ್ನಾಧರಿಸಿ, ಸ್ವರ್ಣಕಮಲವನ್ನು ಪಡೆದ ಈ ಕಪ್ಪು-ಬಿಳುಪು ಚಿತ್ರದಲ್ಲಿ ಅಬ್ಬರವೆಂಬುದೇ ಇಲ್ಲ. ಅಗ್ರಹಾರದ ತರುಣ ವಿಧವೆ ಯಮುನೆ ಗರ್ಭಿಣಿಯಾಗಿ ಬಹಿಷ್ಕೃತಳಾಗುವುದನ್ನು ನಾಣಿಯೆಂಬ ವಟು ಕಾಣುತ್ತಾನೆ. ಕಂಡುದರಲ್ಲಿ ಅರ್ಧ ಮಾತ್ರ ಅವನಿಗೆ ತಿಳಿಯುತ್ತದೆ, ಉಳಿದರ್ಧವನ್ನು ಎಸ್. ರಾಮಚಂದ್ರರ ಕ್ಯಾಮೆರಾ ಹಿಡಿದ ಕತ್ತಲೆಯೂ ಬಿ. ವಿ. ಕಾರಂತರ ಸಂಗೀತವೂ ನಮಗೆ ಹೇಳಬೇಕು. ದೀಪ ಉರಿಯುವ ಕೋಣೆಯಲ್ಲಿ ಆ ಕತ್ತಲೆ ಬರಿಯ ಬೂದುಬಣ್ಣವಾಗುತ್ತದೆ. ಆ ಮೌನದೊಳಕ್ಕೆ ಅಡಿಗೆಮನೆಯ ಮಿಕ್ಸಿಯೂ ಬಾಗಿಲಿನ ಕರೆಗಂಟೆಯೂ ನುಗ್ಗುತ್ತವೆ. ಅಬ್ಬರದ ಚಿತ್ರ ಇವುಗಳನ್ನು ಕೂಗಿ ಗೆದ್ದೀತು. ಮೌನದ ಚಿತ್ರಕ್ಕೆ ಆ ಶಕ್ತಿಯಿಲ್ಲ.

ಇನ್ನೂ ಮುಖ್ಯವಾದ ಮಾತೊಂದಿದೆ. ಕೊನೆಯಲ್ಲಿ ತಲೆ ಬೋಳಿಸಿಕೊಂಡು ಮರದ ಕೆಳಗೆ ಕುಳಿತ ಯಮುನೆಯನ್ನು ಬಿಟ್ಟು ನಾಣಿ ತಂದೆಯ ಹಿಂದೆ ಹೊರಡಬೇಕಾಗುತ್ತದೆ. ತಡೆಯುವ ಅಧಿಕಾರ ಅವನಿಗಿಲ್ಲ. ಮಂದಿರದಲ್ಲಿ ಕುಳಿತ ನಮಗೂ ಇಲ್ಲ. ಮನೆಯಲ್ಲಾದರೋ ಕೈಯಲ್ಲಿ ರಿಮೋಟಿದೆ; ಅಸಹನೀಯವಾದ ಕ್ಷಣದಲ್ಲಿ ನಿಲ್ಲಿಸಿ ಕಾಫಿಗೆ ಏಳಬಹುದು. ಆ ಕ್ಷಣಕ್ಕೆ ನಾವು ನಾಣಿಯ ಪಕ್ಷವನ್ನು ಬಿಟ್ಟು ಅಗ್ರಹಾರದ ಹಿರಿಯರ ಪಕ್ಷವನ್ನು ಸೇರಿದಂತೆಯೇ ಸರಿ.

ಅಭಿನವಗುಪ್ತನು ರಸವಿಘ್ನಗಳನ್ನು ಎಣಿಸುವಾಗ ಪ್ರೇಕ್ಷಕನು ತನ್ನ ಸ್ವಂತ ಸುಖದುಃಖಗಳಿಗೆ ವಶನಾಗುವುದನ್ನೂ ಹೇಳಿದ್ದಾನೆ. ಗಾನ, ವಾದ್ಯ, ವಿಚಿತ್ರವಾದ ಮಂಟಪ ಮೊದಲಾದುವನ್ನು ಅದಕ್ಕೆ ಪರಿಹಾರವೆಂದಿದ್ದಾನೆ. ಸಾಮಾಜಿಕರೆಲ್ಲರ ಪ್ರತೀತಿ ಒಂದೇ ಘನವಾಗುವುದರಿಂದ ರಸವು ಪುಷ್ಟವಾಗುತ್ತದೆಂಬುದೂ ಅವನ ಮತ. ಮನೆಯೆಂಬುದು ಸ್ವಂತ ಸುಖದುಃಖಗಳ ಬೀಡೇ ಅಲ್ಲವೆ?

ಮನೆಯ ತೆರೆಯ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. 1980ರ ದಶಕದಲ್ಲಿ ದೂರದರ್ಶನವು ಭಾನುವಾರ ಮಧ್ಯಾಹ್ನ ತೋರಿಸುತ್ತಿದ್ದ ಪ್ರಾದೇಶಿಕ ಚಿತ್ರಗಳು ಹೊರನಾಡ ಕನ್ನಡಿಗರಿಗೆ ದೊಡ್ಡ ಆಸರೆಯಾಗಿದ್ದುವು. ವೃದ್ಧರಿಗೂ ರೋಗಿಗಳಿಗೂ ಇಂದಿಗೂ ಬೇರೆ ದಾರಿಯಿಲ್ಲ. ದೃಶ್ಯವೊಂದನ್ನು ಹತ್ತು ಸಲ ಹಿಂದಿರುಗಿಸಿ ನೋಡುವ ಸೌಕರ್ಯ ವಿಮರ್ಶಕನಿಗೆ ವರವೇ. ಆದರೆ ಇದು ಅಧ್ಯಯನ. ಆಸ್ವಾದವು ಇದಕ್ಕೆ ಮೊದಲು ನಡೆಯಬೇಕಾದುದು.

1973ರಲ್ಲಿ ಹೆಗ್ಗೋಡಿನಂತಹ ಹಳ್ಳಿಯಲ್ಲಿ ನೀನಾಸಂ ಚಿತ್ರಸಮಾಜವನ್ನು ಕಟ್ಟಿ, ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ರೈತರ ಮುಂದಿಡಲು ಸಾಧ್ಯವಾಯಿತು. ಸ್ವಂತ ಸಭಾಂಗಣವುಳ್ಳ ನಗರದ ಕನ್ನಡ ಸಂಘಗಳಿಗೆ ಅದು ಅಸಾಧ್ಯವೇನು? ಪುನರುದ್ಧಾರಗೊಂಡ ‘ಘಟಶ್ರಾದ್ಧ’ವನ್ನು 2024ರಲ್ಲಿ ವೆನಿಸ್ ಚಿತ್ರೋತ್ಸವದ ಸಭಿಕರು ದೊಡ್ಡ ತೆರೆಯ ಮೇಲೆ ಕಂಡರು. ಅದನ್ನು ನಾವು ಅಂಗೈಯಗಲದ ಗಾಜಿನಲ್ಲಿ ಕಂಡು ತೃಪ್ತರಾಗಬೇಕೆ? ತಿಂಗಳಿಗೊಂದು ಚಿತ್ರ, ಕಿಟಕಿಗಳಿಗೆ ದಪ್ಪ ಪರದೆ, ಭಾಷಣವಿಲ್ಲದ ಆರಂಭ, ಅನಂತರ ಅರ್ಧ ಗಂಟೆಯ ಚರ್ಚೆ: ಇಷ್ಟು ಸಾಕು. ಧಾರವಾಡದವರೂ ಮಂಗಳೂರಿನವರೂ ಮೈಸೂರಿನವರೂ ಒಂದೇ ಕತ್ತಲೆಯಲ್ಲಿ ಕುಳಿತಾಗ ಒಬ್ಬರಿಗೆ ತಿಳಿಯದ ನುಡಿಗೆ ಇನ್ನೊಬ್ಬರು ನಗುತ್ತಾರೆ. ಆ ನಗುವಿನಿಂದ ಮೊದಲನೆಯವರಿಗೂ ಅದು ತಿಳಿಯುತ್ತದೆ. ಈ ಬಗೆಯ ವ್ಯಾಖ್ಯಾನವನ್ನು ಮನೆಯ ತೆರೆ ಒದಗಿಸಲಾರದು.