ನಾಗಿಣಿಯನ್ನು ಕ್ಷಮಿಸಬೇಕಾದವರು ಯಾರು?

ಜೀ ಕನ್ನಡದಲ್ಲಿ 2016ರಲ್ಲಿ ಶುರುವಾದ ‘ನಾಗಿಣಿ’ ಮುಗಿದು ಎಷ್ಟೋ ಕಾಲವಾಯಿತು. ಆದರೂ ನಮ್ಮ ಪಾಪಿನಾಯಕನಹಳ್ಳಿಯ ಓಣಿಗಳಲ್ಲಿ ಅದರ ತಕರಾರು ಇನ್ನೂ ಬಗೆಹರಿದಿಲ್ಲ. ದೀಪಿಕಾ ದಾಸ್ ಅಭಿನಯಿಸಿದ ಅಮೃತಾ, ತನ್ನವರನ್ನು ಕೊಂದವರ ಮೇಲೆ ಸೇಡು ತೀರಿಸಿಕೊಳ್ಳಲು ಹೆಣ್ಣಿನ ರೂಪ ತಾಳಿ ಬಂದ ಹಾವು. ಸೇಡಿಗೆಂದು ಹೊಕ್ಕ ಮನೆಯಲ್ಲೇ ಅರ್ಜುನನ ಹೆಂಡತಿಯಾಗುತ್ತಾಳೆ. ‘ತನ್ನೋರನ್ನ ಕೊಂದೋರನ್ನ ಸುಮ್ನ ಬಿಡಬೇಕಿತ್ತೇನು?’ ಎಂದು ಒಬ್ಬರು ಕೇಳಿದರೆ, ‘ಆ ಹುಡುಗ ಏನು ಮಾಡಿದ್ದ? ಅವನ ಕೂಡ ಸಂಸಾರ ಮಾಡ್ಕೊಂತನ ಅವನ ಮನಿ ಮಂದಿ ಜೀವ ತೆಗೀಬೇಕೇನು?’ ಎಂದು ಇನ್ನೊಬ್ಬರು ತಿರುಗಿ ಕೇಳುತ್ತಾರೆ.

ನಾನು ಎರಡನೆಯವರ ಕಡೆ. ಸೇಡು ತಪ್ಪು ಎಂಬ ಕಾರಣಕ್ಕಲ್ಲ. ಅಮೃತಾಳ ತಲೆಯ ಮೇಲೆ ಎರಡು ಲೆಕ್ಕಗಳಿವೆ. ಕೊಂದವರ ಜೊತೆಗಿನದು ಒಂದು, ನಂಬಿ ತಾಳಿ ಕಟ್ಟಿದ ಅರ್ಜುನನ ಜೊತೆಗಿನದು ಇನ್ನೊಂದು. ಮೊದಲನೆಯ ಲೆಕ್ಕಕ್ಕೆ ಆಕೆ ಯಾರ ಕ್ಷಮೆಯನ್ನೂ ಕೇಳಬೇಕಿಲ್ಲ ಎಂದು ವಾದಿಸಬಹುದು. ಎರಡನೆಯದರಿಂದ ಮಾತ್ರ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಅವನಿಗೆ ಮಾಡಿದ ಮೋಸವನ್ನು ಮನ್ನಿಸುವ ಹಕ್ಕು ಅವನೊಬ್ಬನದು. ನೋಡುವ ನಮಗೆ ಅದಿಲ್ಲ, ಬರೆಯುವವರಿಗಿಲ್ಲ, ಮೇಲಿರುವ ಶಿವನಿಗೂ ಇಲ್ಲ. ನಾನು ಕೊಟ್ಟ ಸಾಲವನ್ನು ಪಕ್ಕದ ಮನೆಯವರು ಮನ್ನಾ ಮಾಡಿದರೆ ನಡೆಯುತ್ತದೆಯೇ?

ಅತಿಮಾನುಷ ಧಾರಾವಾಹಿಗಳನ್ನು ನಾನು ಪ್ರೀತಿಯಿಂದ ನೋಡುತ್ತೇನೆ. ಉದಯ ಟಿವಿಯ ‘ನಂದಿನಿ’ 2017ರಲ್ಲಿ ಬಂತು, ‘ನಾಗಿಣಿ 2’ 2020ರಲ್ಲಿ. 2025ರಲ್ಲಿ ಶುರುವಾದ ‘ನಾ ನಿನ್ನ ಬಿಡಲಾರೆ’ಯಲ್ಲಿ ಸತ್ತ ತಾಯಿಯೇ ಆತ್ಮವಾಗಿ ನಿಂತು ಮಗಳನ್ನು ಕಾಯುತ್ತಾಳೆ. ಅತ್ತೆ ಸೊಸೆ ಜಗಳದ ಧಾರಾವಾಹಿಗಳಲ್ಲಿ ಕಾಣದ ದೊಡ್ಡ ಪ್ರಶ್ನೆಗಳಿಗೆ ಇಲ್ಲಿ ಜಾಗವಿದೆ. ಸಾಮಾನ್ಯ ಕತೆಯಲ್ಲಿ ಕೊಲೆಯಾದವರ ಬಾಯಿ ಅಲ್ಲಿಗೇ ಮುಚ್ಚಿಹೋಗುತ್ತದೆ, ಕೊಂದವನನ್ನು ಕ್ಷಮಿಸುವುದೋ ಬಿಡುವುದೋ ಎಂದು ಅವರನ್ನು ಕೇಳಲು ಬರುವುದಿಲ್ಲ. ದೆವ್ವದ ಕತೆಯಲ್ಲಿ ಸತ್ತವಳು ಮನೆಯಲ್ಲೇ ಇದ್ದಾಳೆ, ಆಕೆಯನ್ನೇ ಕೇಳಬಹುದು. ಇಂಥ ಅವಕಾಶ ಬೇರೆ ಯಾವ ಬಗೆಯ ಕತೆಗಿದೆ? ನಮ್ಮ ಧಾರಾವಾಹಿಗಳು ಅದನ್ನು ಬಿಟ್ಟು ಗಾಳಿ, ಗಾಜು, ನಿಂಬೆಹಣ್ಣಿನ ಹಿಂದೆ ಓಡುತ್ತವೆ ಎಂಬುದೇ ನನ್ನ ಸಂಕಟ.

ಅಷ್ಟೇ ಅಲ್ಲ, ತಪ್ಪು ಮಾಡಿದವರು ಜಾರಿಕೊಳ್ಳಲು ಇಲ್ಲಿ ಎರಡು ಕಳ್ಳದಾರಿಗಳೂ ಇವೆ. ಒಂದು ಮಾಟ. ವರ್ಷಗಟ್ಟಲೆ ವಿಷ ಹಾಕಿದ ಚಿಕ್ಕಮ್ಮನ ಮೈಮೇಲೆ ಯಾವುದೋ ಶಕ್ತಿ ಇತ್ತು ಎಂದು ಕೊನೆಗೆ ಗೊತ್ತಾಗುತ್ತದೆ. ತಾಯತ ಹರಿದ ಕೂಡಲೇ ಆಕೆ ಒಳ್ಳೆಯವಳು! ಇದು ಕ್ಷಮೆಯಲ್ಲ. ಮಾಡಿದವಳು ಆಕೆಯೇ ಅಲ್ಲ ಎಂದ ಮೇಲೆ ಕ್ಷಮಿಸಲು ಏನು ಉಳಿಯಿತು? ಇನ್ನೊಂದು ಪುನರ್ಜನ್ಮ. ಹೊಸ ಜನ್ಮ ಬಂದೊಡನೆ ಹಳೆಯದೆಲ್ಲ ಅಳಿಸಿಹೋಯಿತೆಂದು ಬರೆಯುತ್ತಾರೆ. ನಮ್ಮ ಹಿರಿಯರು ನಂಬಿದ್ದು ಇದರ ತಿರುವುಮುರುವು. ಋಣ ಜನ್ಮ ದಾಟಿ ಬರುತ್ತದೆ, ಕರ್ಮ ಬೆನ್ನು ಬಿಡುವುದಿಲ್ಲ ಎಂದೇ ಅವರು ಹೇಳಿದ್ದು. ಶ್ರಾವಣದ ಶನಿವಾರಗಳಲ್ಲಿ ಶನಿಮಹಾತ್ಮೆ ಓದಿಸುವ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾವಿನ ಕತೆಯಲ್ಲಿ ಕ್ಷಮಿಸುವ ಹಕ್ಕು ಯಾರದು ಎಂಬ ಪ್ರಶ್ನೆಯನ್ನು ನೇರವಾಗಿ ಎದುರಿಸಿದ್ದು ಗಿರೀಶ ಕಾರ್ನಾಡರ ‘ನಾಗಮಂಡಲ’. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕತೆಯ ಮೇಲೆ ಕಟ್ಟಿದ ನಾಟಕವದು. ಅಪ್ಪಣ್ಣ ಹೆಂಡತಿ ರಾಣಿಯನ್ನು ಮನೆಯೊಳಗೆ ಕೂಡಿಹಾಕಿ ಬೀಗ ಜಡಿದು ಸೂಳೆಯ ಮನೆಗೆ ಹೋಗುತ್ತಾನೆ. ನಾಗ ಅಪ್ಪಣ್ಣನ ರೂಪದಲ್ಲಿ ರಾತ್ರಿ ಬರುತ್ತಾನೆ. ಟಿ.ಎಸ್. ನಾಗಾಭರಣರು 1997ರಲ್ಲಿ ಇದನ್ನು ಸಿನಿಮಾ ಮಾಡಿದಾಗ ಪ್ರಕಾಶ್ ರೈ ಎರಡೂ ಪಾತ್ರ ಮಾಡಿದರು.

ನಾಗ ಮಾಡಿದ್ದು ಸಣ್ಣ ತಪ್ಪಲ್ಲ. ಗಂಡನೆಂದು ನಂಬಿಸಿ ಒಂದು ಹೆಣ್ಣನ್ನು ಕೂಡಿದ. ಅವಳು ಬಸುರಿಯಾಗಿ ಪಂಚರ ಮುಂದೆ ಹುತ್ತಕ್ಕೆ ಕೈ ಹಾಕಿ ಪ್ರಮಾಣ ಮಾಡಬೇಕಾಗಿ ಬಂದದ್ದು ಅವನಿಂದ. ಆದರೂ ನಾಗ ಕ್ಷಮೆಗೆ ಅರ್ಹ ಎನ್ನುವವನು ನಾನು. ಅವನು ಕಚ್ಚದೆ ಅವಳ ತಲೆಯ ಮೇಲೆ ಹೆಡೆ ಬಿಚ್ಚಿದ, ತನ್ನಿಂದ ಬಂದ ಆಪತ್ತಿನಲ್ಲಿ ಅವಳನ್ನು ಒಂಟಿಯಾಗಿ ಬಿಡಲಿಲ್ಲ. ಮುಂದೆ ಅವಳ ಸಂಸಾರ ಕೆಡಿಸಲಾರದೆ ಅವಳ ಕೂದಲಿಗೇ ಸುತ್ತಿಕೊಂಡು ಜೀವ ಬಿಟ್ಟ. ಸತ್ತ ಹಾವಿಗೆ ಮಗನ ಕೈಯಿಂದ ಸಂಸ್ಕಾರ ಮಾಡಿಸುವವಳು ರಾಣಿ. ಇನ್ನೊಂದು ಮುಕ್ತಾಯವನ್ನೂ ಕಾರ್ನಾಡರು ಕೊಟ್ಟಿದ್ದಾರೆ. ಅದರಲ್ಲಿ ಹಾವು ಬದುಕಿದೆ, ರಾಣಿ ಅದಕ್ಕೆ ತನ್ನ ಕೂದಲಲ್ಲೇ ಇರಲು ಹೇಳುತ್ತಾಳೆ. ಎರಡರಲ್ಲೂ ತೀರ್ಮಾನ ಮೋಸ ಹೋದವಳ ಕೈಯಲ್ಲಿದೆ. ಇದಕ್ಕಿಂತ ಒಳ್ಳೆಯ ಪಾಠ ಧಾರಾವಾಹಿ ಬರೆಯುವವರಿಗೆ ಬೇಕೆ?

ಅಪ್ಪಣ್ಣನ ಮಾತು ಬೇರೆ. ಬೀಗ ಹಾಕಿದ, ಹೊಡೆದ, ತಾನು ಸೂಳೆಯ ಮನೆಗೆ ಹೋಗುತ್ತಲೇ ಹೆಂಡತಿಯನ್ನು ಪಂಚಾಯಿತಿಗೆ ಎಳೆದ. ಕೊನೆಗೆ ಅವನಿಗೆ ಊರು ಪೂಜಿಸುವ ಹೆಂಡತಿ, ಮಗ, ಮನೆಗೆಲಸಕ್ಕೆ ಅದೇ ಸೂಳೆ. ನನ್ನ ಮಟ್ಟಿಗೆ ಅವನು ಕ್ಷಮೆಗೆ ಅರ್ಹನಲ್ಲ.

ನಮ್ಮ ಸೀಮೆಗೆ ಇದು ಹೊಸ ಪ್ರಶ್ನೆಯಲ್ಲ. ರಾಮಾಯಣದ ಕಿಷ್ಕಿಂಧೆ ನಮ್ಮ ಈ ಸೀಮೆಯೇ ಎಂಬುದು ಇಲ್ಲಿನ ನಂಬಿಕೆ. ರಾಮ ವಾಲಿಗೆ ಬಾಣ ಬಿಟ್ಟ ಜಾಗವೆಂದು ಆನೆಗೊಂದಿಯ ಚಿಂತಾಮಣಿಯನ್ನು ತೋರಿಸುತ್ತಾರೆ. ನಿಂಬಾಪುರದ ಬಳಿಯ ಬೂದಿದಿಬ್ಬ ವಾಲಿಯನ್ನು ಸುಟ್ಟ ಜಾಗ ಎನ್ನುತ್ತಾರೆ. ಇತ್ತ ಬಳ್ಳಾರಿ ದಾರಿಯ ಕುಡತಿನಿ ಬಳಿಯ ದಿಬ್ಬ ಭೀಮ ಕೊಂದ ಹಿಡಿಂಬಾಸುರನ ಬೂದಿ ಎಂದು ಪ್ರತೀತಿ. ಇಂಥ ದಿಬ್ಬಗಳು ಸಾವಿರಾರು ವರ್ಷದ ಹಿಂದೆ ದನ ಸಾಕಿದ ನವಶಿಲಾಯುಗದ ಜನ ಸುಟ್ಟ ಸಗಣಿಯ ರಾಶಿಗಳು ಎಂದು ಪುರಾತತ್ವದವರು ತೋರಿಸಿಕೊಟ್ಟಿದ್ದಾರೆ. ಅದು ಸರಿ. ಆದರೆ ಕೆಟ್ಟವನೆನಿಸಿಕೊಂಡವನಿಗೂ ಒಂದು ಸಂಸ್ಕಾರದ ಜಾಗ ಗುರುತಿಸಿಟ್ಟ ಜನರ ಮನಸ್ಸು ನನಗೆ ದೊಡ್ಡದಾಗಿ ಕಾಣುತ್ತದೆ.

ವಾಲ್ಮೀಕಿಯ ವಾಲಿ ಸಾಯುವ ಹೊತ್ತು ಎಂಥದು ನೋಡಿ. ಮರೆಯಲ್ಲಿ ನಿಂತು ಹೊಡೆದ ರಾಮನನ್ನು ಮೊದಲು ಕಟುವಾಗಿ ಪ್ರಶ್ನಿಸುತ್ತಾನೆ. ಆಮೇಲೆ ತನ್ನ ತಪ್ಪು ಒಪ್ಪುತ್ತಾನೆ, ಮಗ ಅಂಗದನನ್ನು ಒಪ್ಪಿಸುತ್ತಾನೆ, ತಮ್ಮನಿಗೆ ಚಿನ್ನದ ಮಾಲೆ ಕೊಡುತ್ತಾನೆ. ಕೊಲ್ಲಿಸಿದ ಸುಗ್ರೀವನೇ ಅಳುತ್ತಾನೆ. ರಾಮ ಮನ್ನಿಸಿದ, ತಮ್ಮ ಮನ್ನಿಸಿದ. ಆದರೆ ವಾಲಿಯ ದೊಡ್ಡ ಅಪರಾಧ ತಮ್ಮನ ಹೆಂಡತಿ ರುಮೆಯನ್ನು ಇಟ್ಟುಕೊಂಡದ್ದು. ರುಮೆಯನ್ನು ಯಾರೂ ಕೇಳಲಿಲ್ಲ. ಅಷ್ಟು ದೊಡ್ಡ ಕಾವ್ಯದಲ್ಲಿ ಆಕೆಗೆ ಒಂದು ಮಾತಿಲ್ಲ.

ಕಂಪ್ಲಿ, ಕುಮ್ಮಟದ ಕುಮಾರರಾಮನ ಕತೆಯಲ್ಲೂ ಇದೇ ಕೊರತೆ. ಒಲಿಯದ ಮಲಮಗನ ಮೇಲೆ ಸುಳ್ಳು ಆರೋಪ ಹೊರಿಸಿದ ರತ್ನಾಜಿಗೆ ಶತಮಾನಗಳಿಂದ ಶಾಪ. ಒಂದು ಮಾತು ವಿಚಾರಿಸದೆ ಮಗನ ತಲೆ ತರಲು ಹೇಳಿದ ಕಂಪಿಲರಾಯನನ್ನು ಕೇಳುವವರು ಕಡಿಮೆ. ಆಶ್ರಯ ಬೇಡಿ ಬಂದವನನ್ನು ಒಪ್ಪಿಸದೆ 1327ರ ಸುಮಾರಿಗೆ ದಿಲ್ಲಿಯ ಸೈನ್ಯದೆದುರು ಹೋರಾಡಿ ಮಡಿದ ಕಂಪಿಲ ದೊಡ್ಡವನು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಶೌರ್ಯದಿಂದ ಮಗನ ಋಣ ತೀರುವುದಿಲ್ಲ.

ಕೆಟ್ಟ ಪಾತ್ರ ಒಳ್ಳೆಯದಾಗಬಾರದು ಎಂದು ನಾನು ಹೇಳುತ್ತಿಲ್ಲ. ‘ಶ್ರೀರಾಮಾಯಣ ದರ್ಶನಂ’ನಲ್ಲಿ ಕುವೆಂಪು ಮಂಥರೆಯನ್ನೂ ಎತ್ತಿದರು. ಅವಳ ಕೇಡಿನ ಬೇರು ಮಮತೆಯಲ್ಲಿದೆ ಎಂದರು. ಹಾಗೆಂದು ಸುಮ್ಮನೆ ಬಿಡಲಿಲ್ಲ. ಆಕೆ ಪಶ್ಚಾತ್ತಾಪಪಟ್ಟು ರಾಮನನ್ನು ಹುಡುಕುತ್ತ ಕಾಡಿಗೆ ಹೊರಟು ಕಾಳ್ಗಿಚ್ಚಿಗೆ ಸಿಕ್ಕಿ ಸಾಯುತ್ತಾಳೆ. ಓದುವವರ ಕಣ್ಣು ಒದ್ದೆಯಾಗುವುದು ಆ ನಡೆದ ದಾರಿಯಿಂದ. ಧಾರಾವಾಹಿಯ ಖಳನಾಯಕಿ ವಾಹಿನಿಯವರು ಕತೆ ಮುಗಿಸಿ ಎಂದ ವಾರ ಕಾಲಿಗೆ ಬೀಳುತ್ತಾಳೆ, ಸೊಸೆ ‘ಏಳಿ ಅತ್ತೆ’ ಎನ್ನುತ್ತಾಳೆ, ಎಲ್ಲರೂ ಕ್ಯಾಮೆರಾ ನೋಡಿ ನಗುತ್ತಾರೆ. ಏನು ಮಾಡಿದೆ, ಯಾರಿಗೆ ಮಾಡಿದೆ ಎಂದು ಅವಳು ಒಮ್ಮೆಯೂ ಬಾಯಿಬಿಟ್ಟು ಹೇಳುವುದಿಲ್ಲ.

ಸಂಜೆಯಿಂದ ರಾತ್ರಿಯವರೆಗೆ ಸಾಲು ಸಾಲು ಧಾರಾವಾಹಿ ನೋಡುವ ನಮ್ಮ ಮನೆಗಳಲ್ಲಿ ಎಷ್ಟೋ ಹೆಣ್ಣುಮಕ್ಕಳಿಗೆ ದಿನವೂ ಸಿಗುವ ಉಪದೇಶ ‘ಹೋಗ್ಲಿ ಬಿಡವ್ವ, ಹೊಂದ್ಕೊಂಡು ಹೋಗು’. ಟಿವಿಯೂ ಅದನ್ನೇ ಹೇಳಿದರೆ ಅವರ ಪರವಾಗಿ ಮಾತಾಡುವವರು ಯಾರು?

ಬರೆಯುವವರಲ್ಲಿ ನನ್ನ ಕೋರಿಕೆ ಇಷ್ಟೇ. ಮುಂದಿನ ನಾಗಿಣಿಯನ್ನೋ ಮಾಟಗಾತಿಯನ್ನೋ ಕ್ಷಮಿಸುವ ಮುನ್ನ ಒಂದು ಪೂರ್ತಿ ಸಂಚಿಕೆಯನ್ನು ಅನ್ಯಾಯಕ್ಕೊಳಗಾದವರಿಗೆ ಬಿಟ್ಟುಕೊಡಿ. ತಪ್ಪು ಮಾಡಿದವಳು ಎದುರಿಗೆ ನಿಂತು ಎಲ್ಲವನ್ನೂ ಹೇಳಲಿ, ಕೇಳಿಸಿಕೊಂಡವರು ಯೋಚಿಸಲಿ. ‘ಇಲ್ಲ, ನಿನ್ನನ್ನು ಕ್ಷಮಿಸಲಾರೆ’ ಎಂದು ಅವರು ಹೇಳಿದರೆ, ಅದನ್ನೂ ಹಾಗೆಯೇ ಪ್ರಸಾರ ಮಾಡಿ.